ಅಳಿಯಂದಿರ ಕಾಡತೂಸಿನ ಹಿತ್ತಾಳೆ ಕೇಸುಗಳು ಬೇಗ ಹಾಳಾಗುತ್ತಿವೆ, ಪ್ರೆಶರ್ ಜಾಸ್ತಿ ಆಗಿದ್ದಕ್ಕಾ?

ಕುಂದಾನಗರಿ ಹವಾಲ್ದಾರ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಇದು ನಮ್ಮ ಊರಲ್ಲಿ ಮಾಡುವ ಕೆಲಸದ ಬಗ್ಗೆ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಅಳಿಯಂದಿರು ಅಮೆರಿಕದ ಐಡಾಹೋದಲ್ಲಿದ್ದಾರೆ. ಮೂಲ ಬಾದಾಮಿ ಕಡೆಯವರು, ಈಗ ಅಲ್ಲಿಯ ಪ್ರಜೆ. ರಜೆ ದಿನ .308 ಅಳತೆಯ ಬೋಲ್ಟ್ ರೈಫಲ್ ಹಿಡಿದು ರೇಂಜಿಗೆ ಹೋಗುತ್ತಾರೆ. ಹಾರಿಸಿದ ಹಿತ್ತಾಳೆ ಕೇಸು ಬಿಸಾಡುವುದಿಲ್ಲ, ಗ್ಯಾರೇಜಿನಲ್ಲಿ ಕೂತು ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಸಣ್ಣ ಬಟ್ಟಲು), ಮದ್ದು, ಗುಂಡು ಹಾಕಿ ಮತ್ತೆ ತುಂಬುತ್ತಾರೆ.

ಹೋದ ವರ್ಷ ಮಗಳ ಬಾಣಂತನಕ್ಕೆ ಅಂತ ನಾವಿಬ್ಬರೂ ಹೋಗಿದ್ದೆವು. ನನ್ನವಳು ಅಡಿಗೆಮನೆ ಹಿಡಿದಳು, ನಾನು ಗ್ಯಾರೇಜು ಹಿಡಿದೆ. ಕೈ ಹಚ್ಚಲಿಲ್ಲ. ವಿಸಿಟರ್ ವೀಸಾದವರಿಗೆ ಬಂದೂಕು, ಕಾಡತೂಸಿನ ಕಾನೂನು ಅಲ್ಲಿ ಬೇರೆಯೇ ಇದೆ, ಸುಮ್ನೆ ಸ್ಟೂಲ್ ಹಾಕಿಕೊಂಡು ನೋಡುತ್ತಾ ಕೂತೆ. ಫೌಜಿನಲ್ಲಿ ನಮಗೆ ಗೊತ್ತಿದ್ದದ್ದು ಒಂದೇ, ಹಾರಿಸಿದಷ್ಟು ಖಾಲಿ ಖೋಖಾ ಹುಲ್ಲಲ್ಲಿ ಹುಡುಕಿ, ಎಣಿಸಿ, ವಾಪಸ್ ಜಮಾ ಮಾಡುವುದು. ಅದೇ ಖೋಖಾವನ್ನು ಒಬ್ಬ ಮನುಷ್ಯ ಕೂಸಿನ ಹಾಗೆ ತೊಳೆದು ಒರೆಸಿ ಡಬ್ಬಿಯಲ್ಲಿ ಜೋಡಿಸಿ ಇಡುತ್ತಾನೆ ಅಂದರೆ ನನಗೆ ನಗು ಬರುತ್ತಿತ್ತು, ಆಮೇಲೆ ನನಗೇ ಅದರ ಹುಚ್ಚು ಹಿಡಿಯಿತು.

ಈಗ ವಿಷಯ. ಮೊದಲ ಡಬ್ಬಿಯ ಕೇಸುಗಳು ಐದನೇ ಸಲ ತುಂಬುವ ಹೊತ್ತಿಗೆ ಪ್ರೈಮರ್ ಕೂರುವ ಗುಳಿ ಸಡಿಲ ಆಗಿತ್ತು. ಹೆಬ್ಬೆರಳಿನಿಂದ ಒತ್ತಿದರೂ ಪ್ರೈಮರ್ ಒಳಗೆ ಹೋಗುತ್ತಿತ್ತು. ನಾನು ಮೆಲ್ಲಗೆ ಹೇಳಿದೆ, ಮದ್ದು ಜಾಸ್ತಿ ಆಗುತ್ತಿದೆ, ಸ್ವಲ್ಪ ಇಳಿಸಿ ನೋಡಿ ಅಂತ. ಅಳಿಯಂದಿರು ದೊಡ್ಡ ಮನಸ್ಸು ಮಾಡಿ ಎರಡನೇ ಡಬ್ಬಿಗೆ ಇಳಿಸಿದರು. ಮೊನ್ನೆ ಫೋನ್ ಬಂತು. ಎರಡನೇ ಡಬ್ಬಿಯ ಗುಳಿಗಳು ಇನ್ನೂ ಬಿಗಿಯಾಗಿಯೇ ಇವೆಯಂತೆ. ಆದರೆ ಆರನೇ ಸಲ ಹಾರಿಸಿದಾಗ ಒಂದು ಕೇಸು ಎರಡು ತುಂಡು. ಬುಡ ಹೊರಗೆ ಬಂತು, ಉಳಿದರ್ಧ ಚೇಂಬರಿನಲ್ಲೇ, ಅಂದರೆ ನಳಿಗೆಯ ಹಿಂದೆ ಕಾಡತೂಸು ಕೂರುವ ಜಾಗದಲ್ಲೇ, ಕೂತಿತು. ಇನ್ನೂ ಕೆಲವು ಕೇಸುಗಳ ಬುಡದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಕಾಣುತ್ತಿದೆ. ನಾಲ್ಕೈದರ ಬಾಯಿ ಬೇರೆ ಸೀಳಿದೆ. "ಮಾವಾ, ನೀವು ಹೇಳಿದ ಹಾಗೆ ಪ್ರೆಶರ್ ಇಳಿಸಿದೆ, ಈಗ ಕೇಸೇ ಮುರಿಯಿತಲ್ಲ" ಅಂದರು. ನಗುತ್ತಲೇ ಅಂದರು, ಆದರೂ ಅಳಿಯನ ಬಾಯಲ್ಲಿ ಹಾಗೆ ಕೇಳಿಸಿಕೊಳ್ಳುವುದು ಹೇಗಿರುತ್ತೆ ನಿಮಗೆ ಗೊತ್ತಲ್ಲ.

ಹಾಗಾದರೆ ಪ್ರೆಶರಿಗೂ ಕೇಸಿನ ಬಾಳಿಕೆಗೂ ಸಂಬಂಧ ಇದೆಯೋ ಇಲ್ಲವೋ? ತಿಳಿದವರು ಹೇಳಿ.

ಮಾರ್ದನಿ ಏಳು, ವಿಜಯಪುರ (ಸದ್ಯ ಮೊಂಟಾನಾ)

ಹವಾಲ್ದಾರ್ ಸಾಹೇಬರೇ, ಮುಜುಗರ ಬೇಡ. ನೀವು ಹೇಳಿದ್ದು ತಪ್ಪಲ್ಲ, ಅಳಿಯಂದಿರು ಕೇಳಿದ್ದೂ ತಪ್ಪಲ್ಲ. ಎರಡು ಬೇರೆ ಬೇರೆ ರೋಗ. ಒಂದಕ್ಕೆ ಕೊಟ್ಟ ಔಷಧಿ ಇನ್ನೊಂದಕ್ಕೆ ನಾಟಲಿಲ್ಲ, ಅಷ್ಟೇ.

ನಮ್ಮೂರಿನ ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ಲ? 1549ರಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅದಕ್ಕೆ ಮುಂದಿನಿಂದಲೇ ಮದ್ದು ತುಂಬಬೇಕು. ಬತ್ತಿ ಇಡುವ ಸಣ್ಣ ತೂತು ಬಿಟ್ಟರೆ ಹಿಂದೆ ದಾರಿಯೇ ಇಲ್ಲ. ರೈಫಲ್ಲಿಗೆ ಹಿಂದೆ ಬಾಗಿಲಿದೆ, ಅದೇ ಬೋಲ್ಟ್. ಆ ಬಾಗಿಲ ಸಂದಿಯಿಂದ ಬೆಂಕಿಗಾಳಿ ನಮ್ಮ ಮುಖಕ್ಕೆ ಹೊಡೆಯದ ಹಾಗೆ ತಡೆಯುವುದು ಹಿತ್ತಾಳೆ ಕೇಸು. ಮದ್ದು ಹಿಡಿದಿಡುವುದೇ ಕೇಸಿನ ಕೆಲಸ ಅಂತ ಜನ ತಿಳಿದಿರುತ್ತಾರೆ, ಅದಕ್ಕೆ ಒಂದು ಡಬ್ಬಿ ಸಾಕಾಗಿತ್ತು. ಮದ್ದು ಉರಿದ ಕೂಡಲೇ ಕೇಸಿನ ತೆಳು ಬಾಯಿ ಹಿಗ್ಗಿ ಚೇಂಬರಿನ ಗೋಡೆಗೆ ಅಂಟಿಕೊಂಡು ಸಂದಿ ಮುಚ್ಚುತ್ತದೆ, ಗುಂಡು ನಳಿಗೆ ದಾಟಿದ ಮೇಲೆ ಪ್ರೆಶರ್ ಬಿದ್ದು ಕೇಸು ಒಂಚೂರು ಕುಗ್ಗಿ ಬಿಡಿಸಿಕೊಳ್ಳುತ್ತದೆ, ಇಷ್ಟೆಲ್ಲ ಮುಗಿಯಲು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು ಸಾಕು.

ಪ್ರೆಶರ್ ಎಷ್ಟು ಅಂದರೆ, ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಚದರ ಇಂಚಿಗೆ ಸುಮಾರು 15 ಪೌಂಡ್, ಅಂದರೆ 15 ಪಿಎಸ್‌ಐ. ಇಲ್ಲಿಯ ಬಂದೂಕು, ಕಾಡತೂಸು ತಯಾರಕರ ಸಾಮಿ ಅನ್ನುವ ಸಂಸ್ಥೆ ಗೊತ್ತುಮಾಡಿದ ಪ್ರಕಾರ .308 ವಿಂಚೆಸ್ಟರಿಗೆ ಗರಿಷ್ಠ 62,000 ಪಿಎಸ್‌ಐ. ನಾಲ್ಕು ಸಾವಿರ ಕುಕ್ಕರ್! ಕೇಸಿನ ಬುಡದ ಒಳಗಿನ ಅಗಲ ಹಿಡಿದು ಲೆಕ್ಕ ಹಾಕಿದರೆ ಬೋಲ್ಟಿನ ಮೇಲೆ ಬೀಳುವ ಒತ್ತು ಮೂರು ಟನ್ನಿಗೂ ಜಾಸ್ತಿ. ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಯನ್ನು ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ನಿಲ್ಲಿಸಿದ ಹಾಗೆ.

ಈಗ ಮೊದಲ ಡಬ್ಬಿಯ ರೋಗ. ಕೇಸಿನ ಬುಡ ದಪ್ಪ, ಗಟ್ಟಿ. ಆದರೆ ಬುಡದ ಕೊನೆಯ ತುದಿ ಚೇಂಬರಿನ ಹೊರಗೇ ಇರುತ್ತದೆ, ಅಲ್ಲಿ ಸುತ್ತಲೂ ಉಕ್ಕಿನ ಆಸರೆ ಇಲ್ಲ. ಪ್ರೆಶರ್ ಒಂದು ಮಿತಿಯೊಳಗೆ ಇದ್ದರೆ ಬುಡ ಹಿಗ್ಗಿ ಮೊದಲಿನ ಅಳತೆಗೇ ವಾಪಸ್ ಬರುತ್ತದೆ. ಮಿತಿ ದಾಟಿದರೆ ಪ್ರತಿ ಸಲ ಕೂದಲೆಳೆಗಿಂತ ಕಮ್ಮಿ ಹಿಗ್ಗಿ ಅಲ್ಲೇ ಉಳಿಯುತ್ತದೆ. ನಡುವಿನ ಪ್ರೈಮರ್ ಗುಳಿಯೂ ಜೊತೆಗೇ ಅಗಲ ಆಗುತ್ತದೆ, ಒಮ್ಮೆ ಸಡಿಲ ಆದ ಗುಳಿ ಮತ್ತೆ ಬಿಗಿ ಆಗುವುದಿಲ್ಲ. ಹಾಗಾಗಿ ಪ್ರೆಶರ್ ಹತ್ತು ಪಾಲು ಏರಿದರೆ ಬಾಳಿಕೆ ಹತ್ತು ಪಾಲು ಇಳಿಯುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಿತಿಯ ಕೆಳಗೆ ಎಷ್ಟೋ ಸಲ ಹಾರಿಸಿದರೂ ಗುಳಿಗೆ ಏನೂ ಆಗುವುದಿಲ್ಲ, ಮೇಲೆ ಹೋದರೆ ನಾಲ್ಕೈದು ಸಲಕ್ಕೇ ಮುಗಿಯಿತು. ನೀವು ಮದ್ದು ಇಳಿಸಿ ಅಂದದ್ದು ನೂರಕ್ಕೆ ನೂರು ಸರಿ, ಎರಡನೇ ಡಬ್ಬಿಯ ಗುಳಿ ಬಿಗಿಯಾಗಿ ಉಳಿದದ್ದೇ ಅದಕ್ಕೆ ಸಾಕ್ಷಿ.

ಇನ್ನೊಂದು. ಹಾರಿಸಿದ ಪ್ರೈಮರ್ ಚಪ್ಪಟೆ ಆಗಿಲ್ಲ, ಹಾಗಾಗಿ ಪ್ರೆಶರ್ ಸರಿ ಇದೆ ಅಂತ ಅಳಿಯಂದಿರು ಹೇಳಿದರೆ ಪೂರ್ತಿ ನಂಬಬೇಡಿ. ಪ್ರೈಮರ್ ಬೇರೆ ಕಾರಣಕ್ಕೂ ಚಪ್ಪಟೆ ಆಗುತ್ತದೆ, ಕೆಲವು ಗಟ್ಟಿ ಪ್ರೈಮರ್ ಆಗುವುದೇ ಇಲ್ಲ. ಬೋಲ್ಟ್ ಎತ್ತುವಾಗ ಬಿಗಿ ಅನಿಸಿದರೆ, ಬುಡದ ಮೇಲೆ ಎಜೆಕ್ಟರಿನ (ಖಾಲಿ ಕೇಸನ್ನು ಹೊರಗೆ ಎಸೆಯುವ ಭಾಗ) ಹೊಳೆಯುವ ಅಚ್ಚು ಮೂಡಿದರೆ ಆಗಲೇ ಮಿತಿ ದಾಟಿಯಾಗಿದೆ. ಲೋಡಿಂಗ್ ಪುಸ್ತಕದಲ್ಲಿ ಬರೆದ ಗರಿಷ್ಠಕ್ಕಿಂತ ಮೇಲೆ ಹೋಗುವ ಮಾತೇ ಬೇಡ. ಕೇಸು ತಯಾರಿಸುವ ಲಾಪುವಾ ಕಂಪನಿಯವರು .308ಕ್ಕೇ ಸಣ್ಣ ಪ್ರೈಮರ್ ಕೂರುವ ಪಾಲ್ಮಾ ಕೇಸು ಮಾಡುತ್ತಾರೆ, ಗುಳಿ ಸಣ್ಣದಾದರೆ ಸುತ್ತ ಲೋಹ ಜಾಸ್ತಿ ಉಳಿಯುತ್ತದಲ್ವಾ.

ಎರಡು ತುಂಡಾದದ್ದು ಬೇರೆ ಕಥೆ. ಅದನ್ನು ಗೋಕಾಕದವರು ನನಗಿಂತ ಚೆನ್ನಾಗಿ ಹೇಳುತ್ತಾರೆ, ಅವರು ಬರಲಿ.

ಜವಾರಿ ಬುಲೆಟ್, ಚಿಕ್ಕೋಡಿ

ಇಷ್ಟೆಲ್ಲ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ ಕಾಕಾ, ಗುಜರಿಯವನಿಗೆ ಹಾಕಿದರೆ ಹಿತ್ತಾಳೆಗೆ ಕಿಲೋ ಲೆಕ್ಕದಲ್ಲಿ ಒಳ್ಳೆ ರೇಟು ಇದೆ. ನಾನು ಪ್ರೆಶರ್ ಅನ್ನುವ ತಲೆಬರಹ ನೋಡಿ ಬುಲೆಟ್ ಗಾಡಿ ವಿಷಯ ಅಂತ ಬಂದೆ.

ಆರ್ಮರರ್ ಅಜ್ಜ, ಗೋಕಾಕ

ಬುಲೆಟ್ ತಮ್ಮಾ, ನಮ್ಮ ಕಾಲದಲ್ಲಿ ಒಂದು ಖೋಖಾ ಕಮ್ಮಿ ಬಿದ್ದರೆ ಇಡೀ ರೇಂಜು ಬಗ್ಗಿ ಹುಡುಕಬೇಕಿತ್ತು. ಗುಜರಿಗೆ ಹಾಕಿದ್ದರೆ ನಾನು ಇವತ್ತು ಪೆನ್ಶನ್ ತಿನ್ನುತ್ತಿರಲಿಲ್ಲ.

ಹವಾಲ್ದಾರರೇ, ಆ ಹೊಳೆಯುವ ಗೆರೆ ಅಂದಿರಲ್ಲ, ಅದನ್ನು ನಾನು ಫೌಜಿನ ಹಳೆ ರೈಫಲ್ .303ರಲ್ಲಿ ಎಷ್ಟು ನೋಡಿದ್ದೇನೋ ಲೆಕ್ಕ ಇಲ್ಲ. .303ರ ಪ್ರೆಶರ್ ನಿಮ್ಮ .308ಕ್ಕಿಂತ ಎಷ್ಟೋ ಕಮ್ಮಿ, 49,000 ಪಿಎಸ್‌ಐ. ಪ್ರೆಶರ್ ಒಂದೇ ಕಾರಣ ಆಗಿದ್ದರೆ .303ರ ಕೇಸು ಬಹಳ ಬಾಳಬೇಕಿತ್ತು. ಆದರೆ ಹೊರದೇಶದಲ್ಲಿ .303 ಹಾರಿಸುವ ಲೀ-ಎನ್‌ಫೀಲ್ಡ್ ಇಟ್ಟುಕೊಂಡು ಮತ್ತೆ ತುಂಬುವವರನ್ನು ಕೇಳಿ, ಅವರು ಅಳುವುದೇ ಕೇಸು ಬೇಗ ಮುರಿಯುತ್ತದೆ ಅಂತ. ಯಾಕೆ ಗೊತ್ತಾ? ಕೆಸರು ಮೆತ್ತಿದ ಕಾಡತೂಸೂ ಒಳಗೆ ಹೋಗಲಿ ಅಂತ ಯುದ್ಧದ ರೈಫಲ್ಲಿನ ಚೇಂಬರ್ ಸಡಿಲ ಕೊರೆದಿರುತ್ತಾರೆ. ಮೇಲಾಗಿ ಅದರ ಬೋಲ್ಟು ಹಿಂದಿನ ತುದಿಯಲ್ಲಿ ಲಾಕ್ ಆಗುತ್ತದೆ, ಹಾರಿದಾಗ ಬೋಲ್ಟೂ ರಿಸೀವರೂ ಒಂಚೂರು ಜಗ್ಗುತ್ತವೆ. ಅಷ್ಟು ಜಾಗ ಸಿಕ್ಕಿತು ಅಂದರೆ ಕೇಸು ಅಷ್ಟು ಉದ್ದ ಎಳೆಯುತ್ತದೆ.

ಎಳೆಯುವುದು ಎಲ್ಲಿ ಅಂತ ನೋಡಿ. ಮಾರ್ದನಿಯವರು ಹೇಳಿದ ಹಾಗೆ ಕೇಸಿನ ಮುಂದಿನ ತೆಳು ಗೋಡೆ ಚೇಂಬರಿಗೆ ಅಂಟಿಬಿಡುತ್ತದೆ, ಅಲ್ಲಾಡುವುದಿಲ್ಲ. ಬುಡ ದಪ್ಪ, ಅದು ಅಂಟುವುದಿಲ್ಲ, ಹಿಂದೆ ಬೋಲ್ಟಿನ ಮುಖ ಮುಟ್ಟುವ ತನಕ ಜರಗುತ್ತದೆ. ದಪ್ಪ ಬುಡ ಮುಗಿದು ತೆಳು ಗೋಡೆ ಶುರು ಆಗುವ ಜಾಗಕ್ಕೇ ಜಗ್ಗಾಟ ಬೀಳುತ್ತದೆ. ಅಲ್ಲಿ ಲೋಹ ತೆಳ್ಳಗಾಗುತ್ತಾ ಆಗುತ್ತಾ ಒಂದಿನ ಹರಿಯುತ್ತದೆ. ಹೊರಗಿನಿಂದ ಗೆರೆ ಕಾಣುವಷ್ಟರಲ್ಲಿ ಒಳಗೆ ಹಳ್ಳ ಬಿದ್ದಿರುತ್ತದೆ. ಒಂದು ಪೇಪರ್ ಕ್ಲಿಪ್ ಬಿಡಿಸಿ, ತುದಿ ಚೂಪು ಮಾಡಿ ಕೊಕ್ಕೆ ಹಾಗೆ ಬಗ್ಗಿಸಿ, ಕೇಸಿನ ಒಳಗೆ ಬುಡದಿಂದ ಮೇಲಕ್ಕೆ ಎಳೆಯಲು ಹೇಳಿ. ಕೊಕ್ಕೆ ಎಲ್ಲಾದರೂ ತಡೆದರೆ ಆ ಕೇಸು ಮುಗಿಯಿತು.

ಮುರಿದದ್ದು ಯಾರ ತಪ್ಪು ಅಂತ ಕೇಳುವ ಮೊದಲು ಅಳಿಯಂದಿರನ್ನು ಒಂದು ಮಾತು ಕೇಳಿ. ಎರಡನೇ ಡಬ್ಬಿ ಶುರು ಮಾಡುವಾಗ ಸೈಜಿಂಗ್ ಡೈ ಬದಲಿಸಿದರಾ, ಇಲ್ಲ ಪ್ರೆಸ್ಸಿನಲ್ಲಿ ಅದನ್ನು ಜಾಸ್ತಿ ಕೆಳಗೆ ಇಳಿಸಿದರಾ? ಡೈ ಕೇಸನ್ನು ಹಿಂಡಿ ಸಣ್ಣದು ಮಾಡುವಾಗ ಅದರ ಭುಜವನ್ನೂ (ಕುತ್ತಿಗೆಯ ಕೆಳಗಿನ ಇಳಿಜಾರು) ಹಿಂದಕ್ಕೆ ತಳ್ಳುತ್ತದೆ. ಭುಜ ಇಂಚಿನ ಸಾವಿರದಲ್ಲಿ ಒಂದೆರಡು ಪಾಲು ಹಿಂದೆ ಹೋದರೆ ಸಾಕು, ಬೋಲ್ಟು ಸಲೀಸಾಗಿ ಮುಚ್ಚುತ್ತದೆ. ಅದಕ್ಕಿಂತ ಬಹಳ ತಳ್ಳಿದರೆ ಒಳ್ಳೆ ಚೇಂಬರಿನ ರೈಫಲ್ಲನ್ನೂ ನೀವೇ ಸಡಿಲ .303 ಮಾಡಿದ ಹಾಗೆ ಆಯಿತು. ಪ್ರತಿ ಸಲ ಹಿಂದೆ ತಳ್ಳು, ಪ್ರತಿ ಸಲ ಮುಂದೆ ಎಳೆ. ಮದ್ದು ಇಳಿಸಿದರೂ ಇದು ನಿಲ್ಲುವುದಿಲ್ಲ.

ಗೆರೆ ಬಿದ್ದ ಕೇಸುಗಳ ಜೊತೆಯವನ್ನೂ ನಂಬಬೇಡಿ, ಇಡೀ ಡಬ್ಬಿ ತೆಗೆದು ಹಾಕಲು ಹೇಳಿ. ಬೆಂಕಿಗಾಳಿ ಹಿಂದೆ ಬಂದರೆ ಕಣ್ಣು ಹೋಗುತ್ತದೆ, ಕನ್ನಡಕ ಇಲ್ಲದೆ ಹಾರಿಸುವುದು ಬೇಡ. ಇದನ್ನು ಓದಿ ಇಲ್ಲಿ ಯಾರಾದರೂ ಮನೆಯಲ್ಲಿ ಕಾಡತೂಸು ತುಂಬಲು ಹೊರಟರೆ, 1959ರ ಆರ್ಮ್ಸ್ ಆ್ಯಕ್ಟಿನ 5ನೇ ಸೆಕ್ಷನ್ ಮೊದಲು ಓದಿಕೊಳ್ಳಿ. ಬಂದೂಕಿನ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಕಾಡತೂಸು ತಯಾರಿಸಬಹುದು ಅಂತಲ್ಲ.

ಇಳಕಲ್ ಸೆರಗು, ಬಾಗಲಕೋಟೆ

ಬಾಯಿ ಸೀಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ಅದು ನನ್ನ ಪಾಲಿಗೆ ಬಂತು. ಬಂದೂಕು ನನಗೆ ಗೊತ್ತಿಲ್ಲ, ಎನ್‌ಸಿಸಿಯಲ್ಲಿ .22 ಹಿಡಿದದ್ದು ಬಿಟ್ಟರೆ. ಲೋಹದ ಪಾಠ ಮಾಡುತ್ತೇನೆ, ಅಷ್ಟು ಹೇಳಬಲ್ಲೆ.

ಕಾಡತೂಸಿನ ಹಿತ್ತಾಳೆ ಅಂದರೆ 70 ಪಾಲು ತಾಮ್ರ, 30 ಪಾಲು ಸತು. ಲೋಹದ ಪುಸ್ತಕಗಳಲ್ಲಿ ಇದರ ಹೆಸರೇ ಕಾರ್ಟ್ರಿಜ್ ಬ್ರಾಸ್. ನನ್ನ ಸೋದರಮಾವನ ಮನೆ ಬೆಳಗಾವಿಯ ಬೋಗಾರವೇಸದ ಹತ್ತಿರ. ಬೋಗಾರರು ಅಂದರೆ ಹಿತ್ತಾಳೆ, ತಾಮ್ರದ ಪಾತ್ರೆ ಮಾರುವವರು, ಆ ಜಾಗಕ್ಕೆ ಹೆಸರು ಬಂದದ್ದೇ ಹಾಗೆ. ಚಿಕ್ಕವಳಿದ್ದಾಗ ಕೊಡ ಬಡಿಯುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ. ಒಂದಿಷ್ಟು ಹೊತ್ತು ಬಡಿಯುತ್ತಿದ್ದರು, ಆಮೇಲೆ ಬೆಂಕಿಗೆ ಹಿಡಿಯುತ್ತಿದ್ದರು, ಮತ್ತೆ ಬಡಿಯುತ್ತಿದ್ದರು. ಯಾಕೆ ಸುಮ್ನೆ ಒಂದೇ ಸಮ ಬಡಿಯುವುದಿಲ್ಲ ಅಂತ ಕೇಳಿದ್ದಕ್ಕೆ "ಸಿಟ್ಟಿಗೆ ಬರ್ತದವ್ವಾ, ತಣ್ಣಗ ಮಾಡಬೇಕು" ಅಂದಿದ್ದರು. ಬೆಂಕಿಗೆ ಹಿಡಿದು ತಣ್ಣಗೆ ಮಾಡುವುದು ಅಂದರೆ ನನಗೆ ಆಗ ತಲೆಬುಡ ತಿಳಿದಿರಲಿಲ್ಲ. ಕಾಲೇಜಿನಲ್ಲಿ ಅನೀಲಿಂಗ್, ಅಂದರೆ ಬಿಸಿ ಕೊಟ್ಟು ಲೋಹ ಮೆತ್ತಗೆ ಮಾಡುವ ಪಾಠ ಬಂದ ದಿನ ತಿಳಿಯಿತು.

ಹಿತ್ತಾಳೆಯನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಅದು ಗಟ್ಟಿ ಆಗುತ್ತದೆ, ಜೊತೆಗೆ ಪೆಡಸು. ನಿಮ್ಮ ಕೇಸಿನ ಬಾಯಿ ಹಾರಿದಾಗ ಹಿಗ್ಗುತ್ತದೆ, ಡೈ ಅದನ್ನು ಹಿಂಡುತ್ತದೆ, ಗುಂಡು ಕೂರಿಸುವಾಗ ಮತ್ತೆ ಹಿಗ್ಗುತ್ತದೆ. ಒಂದು ಸುತ್ತಿಗೆ ಇಷ್ಟು. ಕೊನೆಗೆ ಸೀಳುತ್ತದೆ. ಇಲ್ಲಿ ಪ್ರೆಶರಿನ ಪಾತ್ರ ಬಹಳ ಕಮ್ಮಿ, ಯಾಕೆಂದರೆ ಬಾಯಿ ಹಿಗ್ಗುವುದು ಚೇಂಬರಿನ ಗೋಡೆ ಎಲ್ಲಿದೆಯೋ ಅಲ್ಲಿವರೆಗೆ ಮಾತ್ರ, 62,000 ಇದ್ದರೂ ಅಷ್ಟೇ, 45,000 ಇದ್ದರೂ ಅಷ್ಟೇ. ಚೇಂಬರಿನ ಅಳತೆಗೂ ಡೈಯ ಅಳತೆಗೂ ಎಷ್ಟು ಅಂತರ ಅನ್ನುವುದೇ ಮುಖ್ಯ.

ಇದಕ್ಕೆ ಔಷಧಿ ಅಂದರೆ ಬಾಯಿಗೆ ಮಾತ್ರ ಬಿಸಿ ಕೊಡುವುದು. ಬುಡ ಬಿಸಿ ಆಗಲೇಬಾರದು. ಮೆತ್ತಗಾದ ಬುಡ 62,000 ಪಿಎಸ್‌ಐ ತಡೆಯುವುದಿಲ್ಲ, ಮತ್ತೆ ನೀರಿಗೆ ಅದ್ದಿದರೆ ಗಟ್ಟಿ ಆಗುತ್ತದೆ ಅನ್ನುವ ಭ್ರಮೆ ಬೇಡ. ಕುಲುಮೆಯಲ್ಲಿ ಕಾಸಿ ನೀರಿಗೆ ಅದ್ದಿದರೆ ಗಟ್ಟಿ ಆಗುವುದು ಉಕ್ಕು. ಹಿತ್ತಾಳೆ ಗಟ್ಟಿ ಆಗುವುದು ಬಡಿದರೆ ಮಾತ್ರ.

ಒಂದು ಹಳೆ ಕಥೆ ಹೇಳದೆ ಬಿಡಲಾರೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಮಳೆಗಾಲ ಮುಗಿಯುವವರೆಗೆ ಕಾಡತೂಸುಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆಗಾಲ ಮುಗಿದು ತೆಗೆದು ನೋಡಿದರೆ ಹಾರಿಸದ ಕೇಸುಗಳೇ ಸೀಳಿರುತ್ತಿದ್ದವು. ಹಂಗಾಮಿಗೆ ತಕ್ಕ ಹಾಗೆ ಬರುವ ಸೀಳು ಅಂತ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂದರು. 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಕಾರಣ ಬಿಡಿಸಿದರು. ಕುದುರೆ ಉಚ್ಚೆಯಿಂದ ಏಳುವ ಅಮೋನಿಯಾ, ಜೊತೆಗೆ ಕೇಸು ತಯಾರಿಸುವಾಗ ಹಿತ್ತಾಳೆಯೊಳಗೆ ಉಳಿದ ಬಿಗುವು, ಎರಡೂ ಸೇರಿ ಸೀಳು. ಬಿಸಿ ಕೊಟ್ಟು ಬಿಗುವು ಇಳಿಸಿದರೆ ತೊಂದರೆ ಇಲ್ಲ. ಹಾಗಾಗಿ ಅಳಿಯಂದಿರು ಕೇಸು ತೊಳೆಯಲು ಅಮೋನಿಯಾ ಇರುವ ಪಾಲಿಶ್ ಬಳಸುತ್ತಿದ್ದರೆ ಇವತ್ತೇ ಬಿಡಲಿ. ದೇವರ ಸಾಮಾನಿಗೆ ಹುಣಸೆಹಣ್ಣು ಹಚ್ಚುವ ನಮ್ಮ ಪದ್ಧತಿಯೇ ಅದಕ್ಕಿಂತ ವಾಸಿ.

ಕುಂದಾನಗರಿ ಹವಾಲ್ದಾರ, ಬೆಳಗಾವಿ

ಎಲ್ಲರಿಗೂ ಕೈ ಮುಗಿದೆ. ಮೂರೂ ಉತ್ತರ ಓದಿ ಹೇಳಿದೆ, ಫೋನಿನಲ್ಲಿ ಒಂದೂವರೆ ತಾಸು ಹೋಯಿತು.

ಆರ್ಮರರ್ ಸಾಹೇಬರೇ, ನಿಮ್ಮ ಬಾಯಿಗೆ ಕುಂದಾ ಹಾಕಬೇಕು. ಡೈ ಬದಲಿಸಿದ್ದು ನಿಜ. ಡೈಯ ಜೊತೆ ಬಂದ ಚೀಟಿಯಲ್ಲಿ ಇದ್ದ ಹಾಗೆ ಡೈ ಕೆಳಗೆ ಮುಟ್ಟುವ ತನಕ ಇಳಿಸಿ, ಮೇಲೆ ಇನ್ನೂ ಒಂದಿಷ್ಟು ತಿರುಗಿಸಿದ್ದರಂತೆ. ಈಗ ಅಳೆದು ನೋಡಿದರೆ ಭುಜ ಇಂಚಿನ ಸಾವಿರದಲ್ಲಿ ಎಂಟು ಪಾಲು ಹಿಂದೆ ಹೋಗುತ್ತಿದೆ! ಪೇಪರ್ ಕ್ಲಿಪ್ ಹಾಕಿದ್ದಕ್ಕೆ ಹನ್ನೊಂದು ಕೇಸಿನಲ್ಲಿ ಕೊಕ್ಕೆ ತಡೆಯಿತು. ಅಳಿಯಂದಿರಿಗೆ ಇಡೀ ಡಬ್ಬಿ ಎಸೆಯಲು ಮನಸ್ಸಿಲ್ಲ, ಉಳಿದವನ್ನು ಇಟ್ಟುಕೊಳ್ಳುತ್ತೇನೆ ಅಂದರು. ಮಗಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಳು, ಡಬ್ಬಿ ತೆಗೆದುಕೊಂಡು ಹೋದ ಸದ್ದು ನನಗೆ ಇಲ್ಲಿಯ ತನಕ ಕೇಳಿಸಿತು.

ಅಕ್ಕೋರೇ, ಪಾಲಿಶ್ ಯಾವುದು ಅಂತ ಕೇಳಿದೆ, ಅವರು ಸಿಟ್ರಿಕ್ ಆ್ಯಸಿಡ್ ನೀರು ಬಳಸುತ್ತಾರಂತೆ, ತೊಂದರೆ ಇಲ್ಲ ಅಲ್ವಾ?

ಒಂದು ಅನುಮಾನ ಉಳಿದಿದೆ. ಹಾಗಾದರೆ ಮದ್ದು ಇನ್ನೂ ಬಹಳ ಇಳಿಸಿದರೆ ಕೇಸು ಇನ್ನೂ ಬಾಳುತ್ತದಾ?

ಇಳಕಲ್ ಸೆರಗು, ಬಾಗಲಕೋಟೆ

ನಡೆಯುತ್ತದೆ ಸರ್. ಸಿಟ್ರಿಕ್ ಕಮ್ಮಿ ಹಾಕಲಿ, ಚೆನ್ನಾಗಿ ನೀರಲ್ಲಿ ಜಾಲಿಸಲಿ. ಬಹಳ ಹೊತ್ತು ನೆನೆಸಿಟ್ಟರೆ ಸತು ಕರಗಿ ಮೇಲ್ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಮಾರ್ದನಿ ಏಳು, ವಿಜಯಪುರ (ಸದ್ಯ ಮೊಂಟಾನಾ)

ಬೇಡ ಸಾಹೇಬರೇ, ತೀರಾ ಇಳಿಸುವುದೂ ಬೇಡ. ಪ್ರೆಶರ್ ಕಮ್ಮಿ ಬಿದ್ದರೆ ಬಾಯಿ ಸರಿಯಾಗಿ ಅಂಟುವುದಿಲ್ಲ, ಕೇಸಿನ ಕುತ್ತಿಗೆ ಮೇಲೆಲ್ಲ ಮಸಿ. ಮತ್ತೆ ಒಂದು ವಿಚಿತ್ರ ನಡೆಯುತ್ತದೆ. ಪ್ರೈಮರಿನ ಹೊಡೆತಕ್ಕೆ ಕೇಸು ಮುಂದೆ ಜಿಗಿಯುತ್ತದೆ, ಜೋರು ಪ್ರೆಶರ್ ಇದ್ದರೆ ಬುಡ ವಾಪಸ್ ಬೋಲ್ಟಿಗೆ ಬಂದು ಕೂರುತ್ತದೆ, ಇಲ್ಲದಿದ್ದರೆ ಮುಂದೆಯೇ ಉಳಿದು ಭುಜವೇ ಒಳಗೆ ತಗ್ಗುತ್ತದೆ. ಅಂಥ ಕೇಸನ್ನು ಆಮೇಲೆ ಪೂರ್ತಿ ಲೋಡ್ (ಮದ್ದಿನ ಪ್ರಮಾಣ) ಹಾಕಿ ಹಾರಿಸಿದರೆ ಅದೇ ಜಗ್ಗಾಟ ಶುರು. ಪುಸ್ತಕದಲ್ಲಿ ಶುರುವಿನ ಲೋಡ್ ಅಂತ ಕೊಟ್ಟಿರುತ್ತಾರಲ್ಲ, ಅದರ ಕೆಳಗೆ ಇಳಿಯುವುದು ಬೇಡ. ನಾನು ಶುರುವಿಗೂ ಗರಿಷ್ಠಕ್ಕೂ ನಡುವೆ ಎಲ್ಲಿ ಗುರಿ ಚೆನ್ನಾಗಿ ಬರುತ್ತದೋ ಅಲ್ಲಿ ನಿಲ್ಲಿಸುತ್ತೇನೆ. ಜಿಂಕೆಗೆ ಸೆಕೆಂಡಿಗೆ ಆ 50 ಅಡಿ ವೇಗದ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಿಸಿಲಿನ ಬಗ್ಗೆಯೂ ಹೇಳಿ ಅವರಿಗೆ. ಚಳಿಯಲ್ಲಿ ತುಂಬಿ ನೋಡಿದ ಲೋಡು ಬೇಸಿಗೆಯಲ್ಲಿ ಹಾಗೇ ಇರುವುದಿಲ್ಲ, ಮದ್ದು ಬಿಸಿ ಆದಷ್ಟೂ ಪ್ರೆಶರ್ ಏರುತ್ತದೆ. ಕೆಲವು ಮದ್ದಿನಲ್ಲಿ ಕಮ್ಮಿ, ಕೆಲವದರಲ್ಲಿ ಜಾಸ್ತಿ. ವಿಜಯಪುರದ ಮೇ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿದವರಿಗೆ ಹೇಳಬೇಕಾಗಿಲ್ಲ. ಐಡಾಹೋದಲ್ಲೂ ಜುಲೈ ಬಿಸಿಲು ಕಮ್ಮಿ ಅಲ್ಲ. ಮೊದಲ ಡಬ್ಬಿ ಯಾವ ತಿಂಗಳಲ್ಲಿ ಹಾರಿಸಿದ್ದು?

ಕುಂದಾನಗರಿ ಹವಾಲ್ದಾರ, ಬೆಳಗಾವಿ

ಜುಲೈ, ಆಗಸ್ಟ್! ಡಬ್ಬಿ ಕಾರಿನ ಹಿಂದಿನ ಸೀಟಿನಲ್ಲೇ ಇರುತ್ತಿತ್ತು, ನಾನೇ ಪಕ್ಕದಲ್ಲಿ ಕೂತಿದ್ದೆ.

ಮತ್ತೊಂದು. ಎರಡು ತುಂಡಾದ ಆ ಕೇಸನ್ನು ಮಗಳು ದೀಪಾವಳಿಗೆ ಬರುವಾಗ ತರಲು ಹೇಳಿದ್ದೇನೆ, ಶೋಕೇಸಿನಲ್ಲಿ ಇಡೋಣ ಅಂತ.

ಆರ್ಮರರ್ ಅಜ್ಜ, ಗೋಕಾಕ

ಏನು ಹವಾಲ್ದಾರರೇ, ಫೌಜಿ ಆಗಿ ಹೀಗೆ ಹೇಳುತ್ತೀರಾ. ಏರ್‌ಪೋರ್ಟಿನ ಸ್ಕ್ಯಾನರಿನಲ್ಲಿ ಖಾಲಿ ಖೋಖಾ ಕಂಡರೂ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ, ಬಾಣಂತಿ ಕೂಸು ಎತ್ತಿಕೊಂಡು ಅಲ್ಲಿ ನಿಲ್ಲಬೇಕಾ? ಫೋಟೋ ತೆಗೆಸಿ ಕಳಿಸಲು ಹೇಳಿ. ಗೆರೆ ಕಾಣುವ ಹಾಗೆ ಹತ್ತಿರದಿಂದ ತೆಗೆಯಲಿ, ನನಗೂ ಒಂದು ಕಳಿಸಿ.